ಮಧುಗಿರಿ ಸೀಮೆಯ ಭಕ್ತಿಪದ: ಕಟ್ಟು ಮತ್ತು ನಾದ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹಾಡಿಕೊಂಡು ಬಂದಿರುವ ಭಕ್ತಿಪದಗಳು ಒಂದೇ ಜಾತಿಯವಲ್ಲ. ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಊದುತ್ತ ಹಾಡುವ ಜುಂಜಪ್ಪನ ಕಾವ್ಯ, ಹೆಂಗಸರು ವಾದ್ಯವಿಲ್ಲದೆ ಎತ್ತಿಕೊಳ್ಳುವ ತ್ರಿಪದಿ, ಭಜನೆಮನೆಯ ದಾಸರ ಪದ, ತಂಬೂರಿ ಮತ್ತು ದಮ್ಮಡಿಯ ತತ್ವಪದ, ಶ್ರಾವಣ ಶನಿವಾರಗಳಲ್ಲಿ ರಾತ್ರಿ ಕೂತು ಓದುವ ಶನಿಮಹಾತ್ಮೆ, ಮೂಡಲಪಾಯ ಬಯಲಾಟದ ಆರಂಭದಲ್ಲಿ ಬರುವ ಗಣಪತಿ, ಶಾರದೆಯರ ಸ್ತುತಿ ಎಲ್ಲವೂ ಇಲ್ಲಿ ಭಕ್ತಿಪದವೇ. ಇವುಗಳಲ್ಲಿ ಕೆಲವು ಅಕ್ಷರದ ಲೆಕ್ಕಕ್ಕೆ ಕಟ್ಟುಬಿದ್ದಿವೆ, ಕೆಲವು ತಾಳಕ್ಕೆ, ಇನ್ನು ಕೆಲವು ಹಾಡುವವರ ಉಸಿರಿಗೆ. ಇಂಥ ಪದದ ಕಟ್ಟನ್ನು ಅಳೆಯಬೇಕಾದರೆ ಮೊದಲು ಅದನ್ನು ಕೇಳಬೇಕು, ಆಮೇಲೆ ಕಾಗದದ ಮೇಲೆ ಪ್ರಸ್ತಾರ ಹಾಕಬೇಕು. ಈ ಕ್ರಮ ತಿರುವುಮುರುವಾದರೆ ಅರ್ಧ ಪದ ಕೈತಪ್ಪಿಹೋಗುತ್ತದೆ.

ಮಾತ್ರೆ, ಅಂಶ

ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದ್ದಾರೆ. ಇಲ್ಲಿನ ಪ್ರೌಢಶಾಲೆಗಳ ಮಕ್ಕಳು ಕನ್ನಡ ಪಾಠದಲ್ಲಿ ಕಲಿಯುವ ಛಂದಸ್ಸು ಬಹುಪಾಲು ಮಾತ್ರೆಗಳ ಲೆಕ್ಕ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಕನ್ನಡದಲ್ಲಿ ಹೆಚ್ಚಾಗಿ ಬಳಕೆಯಾಗುವ ಮಾತ್ರಾಗಣಗಳು ಮೂರು, ನಾಲ್ಕು, ಐದು ಮಾತ್ರೆಯವು. ಈ ಸೀಮೆಯ ಊರುಗಳ ಹೆಸರುಗಳಲ್ಲೇ ಮೂರೂ ಸಿಗುತ್ತವೆ. ‘ಶಿರಾ’ ಮೂರು ಮಾತ್ರೆ, ‘ಮಧುಗಿರಿ’ ನಾಲ್ಕು, ‘ಕೊರಟಗೆರೆ’ಯ ಐದೂ ಅಕ್ಷರ ಲಘುವಾದ್ದರಿಂದ ಐದು, ‘ಪಾವಗಡ’ ಒಂದು ಗುರು ಮೂರು ಲಘು ಸೇರಿ ಮತ್ತೆ ಐದು. ಉತ್ಸಾಹ ರಗಳೆ, ಮಂದಾನಿಲ ರಗಳೆ, ಲಲಿತ ರಗಳೆಗಳ ನಡೆ ಕ್ರಮವಾಗಿ ಈ ಮೂರು ಅಳತೆಗಳದ್ದೇ.

ಇದರಲ್ಲಿ ಒಂದು ಸೂಕ್ಷ್ಮವಿದೆ. ‘ಶಿರಾ’ ಎಂಬುದು ಲಘುವಿನಿಂದ ಶುರುವಾಗಿ ಗುರುವಿನ ಮೇಲೆ ನಿಲ್ಲುತ್ತದೆ. ಮಾತ್ರಾಗಣದ ಮೊದಲಿಗೆ ಹೀಗೆ ಲಘುವಿನ ಬೆನ್ನಿಗೆ ಗುರು ಬಂದರೆ ನಡೆ ಎಡವುತ್ತದೆ. ಷಟ್ಪದಿಗಳಲ್ಲಿ ಇಂಥ ಗಣ ಬರಬಾರದೆಂದು ಛಂದೋಗ್ರಂಥಗಳು ಹೇಳುತ್ತವೆ. ‘ಶಿರಾ ಮಧುಗಿರಿ’ ಎಂದರೆ ಮೂರೂ ನಾಲ್ಕೂ ಕೂಡಿ ಏಳು ಮಾತ್ರೆಯಾಗಿ ಭಾಮಿನಿಯ ಅಳತೆಗೆ ಸರಿಯಾಗಿ ಕೂರುತ್ತದೆ, ಆದರೂ ಷಟ್ಪದಿಕಾರ ಅದನ್ನು ಹಾಗೇ ಬಳಸಲಾರ. ಎಣಿಕೆ ಸರಿಯಿದ್ದೂ ಕಿವಿ ಒಪ್ಪದಿರುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ಜೀವ ಗತಿಯಲ್ಲಿದೆ ಎಂದು ಪಟ್ಟುಹಿಡಿದು ವಾದಿಸಿದ್ದರ ಹಿಂದೆ ಇಂಥ ಅನುಭವವೇ ಇದೆ.

ಮಾತ್ರೆಗಿಂತ ಹಳೆಯದು ಅಂಶಗಣ. 10ನೆಯ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಕರ್ಣಾಟಕ ವಿಷಯಜಾತಿ ಎಂದು ವಿವರಿಸಿದ ತ್ರಿಪದಿ ಮೊದಲಾದ ದೇಸಿ ಕಟ್ಟುಗಳು ಈ ಗಣಗಳಿಂದ ಆದವು. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘು; ಉಳಿದ ಅಂಶಗಳಲ್ಲಿ ಲಘುವೂ ಬರಬಹುದು, ಗುರುವೂ ಬರಬಹುದು. ಹಾಗಾಗಿ ಒಂದು ವಿಷ್ಣುಗಣದಲ್ಲಿ ನಾಲ್ಕು ಮಾತ್ರೆಯೂ ಇರಬಹುದು, ಆರೂ ಇರಬಹುದು. ಕಾಗದದ ಮೇಲೆ ಇದು ಅಳತೆ ತಪ್ಪಿದಂತೆ ಕಾಣುತ್ತದೆ. ಹಾಡಿದಾಗ ಎರಡಕ್ಕೂ ಹಿಡಿಯುವ ಹೊತ್ತು ಒಂದೇ, ಏಕೆಂದರೆ ಹಾಡುವವರು ಕಡಿಮೆ ಬಿದ್ದಲ್ಲಿ ಸ್ವರವನ್ನು ಎಳೆಯುತ್ತಾರೆ, ಹೆಚ್ಚಾದಲ್ಲಿ ಒತ್ತಿ ಮುಗಿಸುತ್ತಾರೆ. ಜನಪದರ ಛಂದಸ್ಸು ಶಿಥಿಲ ಎಂಬ ಮಾತನ್ನು ಹಿಂದೆ ಕೆಲವರು ಆಡಿದ್ದುಂಟು. ಅದು ಒಪ್ಪತಕ್ಕ ಮಾತಲ್ಲ. ಅಲ್ಲಿ ಲೆಕ್ಕ ಇಡುವುದು ಕಂಠ.

ಗಣೆಯ ಪದ

ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನ ಕಾಯುವವರ ದೇವರು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ಮುಖ್ಯ ನೆಲೆ. ಅವನ ಕಥೆಯನ್ನು ಹಟ್ಟಿಗಳಲ್ಲಿ ಗಣೆ ಎಂಬ ಬಿದಿರಿನ ಉದ್ದ ಕೊಳಲಿನ ಜೊತೆಗೆ ಹಾಡುತ್ತಾರೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ನಡಾವಳಿಗಳನ್ನು ವಿಸ್ತಾರವಾಗಿ ಅಭ್ಯಾಸ ಮಾಡಿದರು. ಚಲುವರಾಜು ಅವರು ಸಂಪಾದಿಸಿದ ಜುಂಜಪ್ಪನ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಈ ಸೀಮೆಯ ಭಕ್ತಿಪದಗಳಲ್ಲಿ ಕಟ್ಟು ಮತ್ತು ನಾದದ ಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇದರಲ್ಲೇ.

ತಂಬೂರಿಯನ್ನೋ ಹಾರ್ಮೋನಿಯಂ ಅನ್ನೋ ನುಡಿಸುತ್ತ ಹಾಡಬಹುದು. ಗಣೆ ಹಾಗಲ್ಲ; ಊದುವ ಬಾಯಿ ಹಾಡಲಾರದು, ಹಾಡುವ ಬಾಯಿ ಊದಲಾರದು. ಆದ್ದರಿಂದ ಒಂದು ಸೊಲ್ಲು ಮಾತು, ಅದರ ಹಿಂದೆಯೇ ಒಂದು ಸೊಲ್ಲು ಗಣೆ ಎಂಬ ಸರದಿ ಬೀಳುತ್ತದೆ. ಮಾತಿನ ಸಾಲು ಎಷ್ಟು ಉದ್ದವಿರಬೇಕು ಎಂಬುದನ್ನು ಗಣಗಳ ಸಂಖ್ಯೆಗಿಂತ ಒಂದು ಉಸಿರಿನ ತಾಕತ್ತೇ ಹೆಚ್ಚಾಗಿ ನಿರ್ಧರಿಸುತ್ತದೆ. ಅಚ್ಚಾದ ಪುಸ್ತಕದಲ್ಲಿ ಸಾಲುಗಳು ಒಂದು ಗಿಡ್ಡ, ಒಂದು ಉದ್ದ ಎಂದು ಏರುಪೇರಾಗಿ ಕಾಣುವುದು ಇದರಿಂದ. ಗಣೆಯ ಭಾಗ ಅಚ್ಚಿಗೆ ಬರುವುದಿಲ್ಲವಲ್ಲ. ಅದು ಬಿಟ್ಟುಹೋದ ಮೇಲೆ ಉಳಿಯುವುದು ಪದದ ಒಂದು ಮಗ್ಗುಲು ಮಾತ್ರ. ಗಣೆ ತುಂಬುವ ಜಾಗದಲ್ಲಿ ಕೇಳುಗನಿಗೆ ಹಿಂದಿನ ಮಾತನ್ನು ಮೆಲುಕು ಹಾಕುವ ಅವಕಾಶ ಸಿಗುತ್ತದೆ, ಹಾಡುವವನಿಗೆ ಮುಂದಿನ ಸೊಲ್ಲನ್ನು ಕೂಡಿಸಿಕೊಳ್ಳುವ ಅವಕಾಶ. ರಾತ್ರಿಯಿಡೀ ನಡೆಯುವ ಕಥನಕ್ಕೆ ಈ ಎರಡೂ ಬೇಕು.

ದೇವರ ಹೆಸರನ್ನೇ ಬಿಡಿಸಿ ನೋಡೋಣ. ‘ಜುಂ’ ಅನುಸ್ವಾರದಿಂದ ಗುರು, ‘ಜ’ ಮುಂದಿನ ಒತ್ತಿನಿಂದ ಗುರು, ‘ಪ್ಪ’ ಲಘು. ಮೂರು ಅಂಶ, ಇಡೀ ಹೆಸರು ಒಂದು ವಿಷ್ಣುಗಣ. ಮಾತ್ರೆಯಲ್ಲಿ ಐದು. ಕರೆಯುವಾಗ ಕೊನೆಯ ಲಘು ಎಳೆದು ದೀರ್ಘವಾಗುತ್ತದೆ, ಆಗ ಆರು. ಮೊದಲ ಅಕ್ಷರದಲ್ಲಿ ಮೂಗಿನ ನಾದ, ನಡುವೆ ತುಟಿ ಬಿಗಿಯುವ ಒತ್ತು, ಕೊನೆಯಲ್ಲಿ ಬಾಯಿ ಪೂರ್ತಿ ತೆರೆಯುವ ಸ್ವರ. ಬಯಲಿನಲ್ಲಿ ದೂರಕ್ಕೆ ಕೂಗಲು ಹೇಳಿಮಾಡಿಸಿದ ಹೆಸರು ಇದು. ಪ್ರಾಸದ ಕಡೆಯಿಂದ ನೋಡಿದರೆ ಬಿಂದು ಹಿಂದಿರುವ ‘ಜ’ಕಾರ ಎರಡನೆಯ ವ್ಯಂಜನವಾಗಿದೆ. ಇದಕ್ಕೆ ಎದುರು ನಿಲ್ಲಬಲ್ಲ ಕನ್ನಡದ ಮಾತುಗಳು ಮಂಜು, ಸಂಜೆ, ಪಂಜು, ಗಂಜಿ, ಅಂಜಿಕೆ ಇತ್ಯಾದಿ. ದನಗಾಹಿಯ ಒಂದು ದಿನ ಈ ಮಾತುಗಳಲ್ಲೇ ಮುಗಿದುಹೋಗುತ್ತದೆ. ಶಾಸ್ತ್ರ ಇದನ್ನು ವೃಷಭಪ್ರಾಸ ಎಂದು ಕರೆಯುತ್ತದೆ.

ಕಾಡುಗೊಲ್ಲರ ಹೆಂಗಸರ ಪದ ಬೇರೆ ದಾರಿಯದು. ಅಲ್ಲಿ ವಾದ್ಯವಿಲ್ಲ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಸೊಲ್ಲು ಹಿಡಿದು ಹೇಳುತ್ತಾರೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಅವರ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಹೊರತಂದರು. ತ್ರಿಪದಿಯ ಜಾಡು ಈ ಪದಗಳಲ್ಲಿ ಎದ್ದು ಕಾಣುತ್ತದೆ.

ತ್ರಿಪದಿ ಹಾಡಾಗುವ ಬಗೆ

ತ್ರಿಪದಿಗೆ ಮೂರು ಸಾಲು, ಒಟ್ಟು 11 ಗಣ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಮೂರು. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ಕಟ್ಟು ಕಲ್ಲಿನ ಮೇಲೆ ಸಿಗುತ್ತದೆ. ಬೀಸುವಾಗ, ಕುಟ್ಟುವಾಗ, ಮಾರಮ್ಮನಿಗೆ ಆರತಿ ಹೊರುವಾಗ ಇಂದಿಗೂ ಕಿವಿಗೆ ಬೀಳುವುದು ಇದೇ ಅಳತೆ.

ಹಾಡುವಾಗ ಮೂರು ಸಾಲು ಮೂರಾಗಿ ಉಳಿಯುವುದಿಲ್ಲ. ಮೊದಲ ಸಾಲಿನ ನಾಲ್ಕು ಗಣ ಹಾಡಿ, ಎರಡನೆಯ ಸಾಲಿನಲ್ಲಿ ಮೂರು ಗಣಕ್ಕೆ ನಿಲ್ಲಿಸುತ್ತಾರೆ. ಮತ್ತೆ ಎರಡನೆಯ ಸಾಲನ್ನೇ ಮೊದಲಿನಿಂದ ಎತ್ತಿಕೊಂಡು ನಾಲ್ಕೂ ಗಣ ಪೂರ್ತಿ ಮಾಡಿ, ಮೂರನೆಯ ಸಾಲಿನ ಮೂರು ಗಣಕ್ಕೆ ಇಳಿಯುತ್ತಾರೆ. ಈಗ ಲೆಕ್ಕ ನಾಲ್ಕು, ಮೂರು, ನಾಲ್ಕು, ಮೂರು. ಇದು ಸಾಂಗತ್ಯದ ಸಾಲುಗಳ ಅಳತೆಯೇ. ಸಾಂಗತ್ಯ ತ್ರಿಪದಿಯ ಈ ಹಾಡುಗಬ್ಬದ ರೂಪದಿಂದ ಹುಟ್ಟಿತು ಎಂಬ ವಿದ್ವಾಂಸರ ಊಹೆ ನಿಂತಿರುವುದು ಈ ಪುನರಾವರ್ತನೆಯ ಮೇಲೆ.

ಪುನರಾವರ್ತನೆಯ ಭಕ್ತಿಯ ಅರ್ಥವನ್ನೂ ಗಮನಿಸಬೇಕು. ಎರಡನೆಯ ಸಾಲಿನಲ್ಲಿ ಒಂದು ಗಣ ಬಾಕಿ ಉಳಿಸಿ ನಿಂತಾಗ ಮಾತು ಅಪೂರ್ಣವಾಗಿರುತ್ತದೆ. ದೇವಿಯನ್ನು ಕೇಳಿಕೊಂಡದ್ದೇನು ಎಂಬುದು ಇನ್ನೂ ಬಾಯಿಗೆ ಬಂದಿರುವುದಿಲ್ಲ. ಮತ್ತೆ ಹಿಂದಿನಿಂದ ಬಂದು ಆ ಒಂದು ಗಣವನ್ನು ಸೇರಿಸಿದಾಗ ಬೇಡಿಕೆ ಪೂರ್ತಿಯಾಗುತ್ತದೆ. ಹೀಗೆ ಕಾಯಿಸಿ ಕೊಡುವ ಗುಣ ತ್ರಿಪದಿಯನ್ನು ಮೊರೆಯಿಡಲು ಯೋಗ್ಯವಾದ ಕಟ್ಟಾಗಿ ಮಾಡಿದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಂಥ ಕಡೆ ತಮಟೆಯ ಬಡಿತದ ನಡುವೆಯೂ ಹೆಂಗಸರ ದನಿ ಬೇರೆಯಾಗಿ ಕೇಳುವುದಕ್ಕೆ ಈ ನಿಲುಗಡೆಗಳೂ ಕಾರಣ.

ಕೀರ್ತನೆ, ತತ್ವಪದ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಯ ಕ್ಷೇತ್ರ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಹೆಸರಾಂತ ಕೀರ್ತನೆಯನ್ನು ಕನ್ನಡನಾಡಿನ ಲಕ್ಷ್ಮೀಪೂಜೆಗಳಲ್ಲೆಲ್ಲ ಹಾಡುತ್ತಾರೆ. ಈಗ ಹೆಚ್ಚಾಗಿ ಮಧ್ಯಮಾವತಿಯಲ್ಲಿ. ಅದರ ಒಂದು ಚರಣದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ‘ಜ’ಕಾರಕ್ಕೆ ‘ಜ’ಕಾರದ ಒತ್ತು. ಒಂದೇ ವ್ಯಂಜನ ಒತ್ತಾಗಿ ಬರುವ ಇಂಥ ಪ್ರಾಸಕ್ಕೆ ಹಯಪ್ರಾಸ ಎಂದು ಹೆಸರು. ಹೆಜ್ಜೆ, ಗೆಜ್ಜೆ, ಮಜ್ಜಿಗೆಗಳಂಥ ಮನೆಮಾತುಗಳೇ ಅಲ್ಲಿ ಪ್ರಾಸಸ್ಥಾನದಲ್ಲಿ ನಿಂತಿವೆ. ಒತ್ತಿನ ಹಿಂದಿನ ಅಕ್ಷರ ಗುರುವಾಗುವುದರಿಂದ ಸಾಲುಸಾಲಿನ ಮೊದಲಿಗೂ ಒಂದು ಭಾರ ಬೀಳುತ್ತದೆ. ಅದರ ಬೆನ್ನಿಗೆ ಲಘುಗಳು ಸರಿದುಹೋಗುತ್ತವೆ. ಲಕ್ಷ್ಮಿ ನಡೆದು ಬರುವುದನ್ನು ಹೇಳುವ ಚರಣದಲ್ಲಿ ಅಕ್ಷರವೂ ಹಾಗೇ ಕಾಲೂರಿ ನಡೆಯುತ್ತದೆ. ನಾದಕ್ಕೂ ಅರ್ಥಕ್ಕೂ ಇಷ್ಟು ಸಲೀಸಾಗಿ ಬೆಸುಗೆಯಾದ ಚರಣಗಳು ದಾಸಸಾಹಿತ್ಯದಲ್ಲೂ ಬಹಳವಿಲ್ಲ.

ಕೀರ್ತನೆಯ ಒಟ್ಟು ಕಟ್ಟು ಪಲ್ಲವಿ, ಅನುಪಲ್ಲವಿ, ಚರಣಗಳದ್ದು, ಕೊನೆಯ ಚರಣದಲ್ಲಿ ಅಂಕಿತ. ಪಲ್ಲವಿ ಪ್ರತಿ ಚರಣದ ಹಿಂದೆಯೂ ಮರಳುತ್ತದೆ. ಅದು ಮೊದಲ ಸಲ ಬಂದಾಗ ಬರಿಯ ಕರೆ. ಚರಣಗಳು ಕಾರಣಗಳನ್ನು ಕೂಡಿಸುತ್ತ ಹೋದಂತೆ ಅದೇ ಮಾತಿನ ಭಾರ ಹೆಚ್ಚುತ್ತದೆ. ಒಂದು ಪದವನ್ನು ವಿವೇಚಿಸುವಾಗ ಪಲ್ಲವಿಯ ಅರ್ಥವನ್ನು ಒಮ್ಮೆ ಬರೆದು ಬಿಡುವುದು ಸಾಲದು, ಯಾವ ಚರಣದ ಹಿಂದೆ ಅದು ಏನಾಗಿ ಕೇಳಿಸಿತು ಎಂಬುದನ್ನೂ ಹೇಳಬೇಕು.

ತತ್ವಪದದ ಹೊರಮೈ ಕೀರ್ತನೆಯಂತೆಯೇ ಇದ್ದರೂ ನಡೆ ಬೇರೆ. ಏಕತಾರಿಯ ಒಂದೇ ಶ್ರುತಿ, ತಾಳದ ಸರಳ ಬಡಿತ, ರಾಗವಿಸ್ತಾರಕ್ಕೆ ಎಡೆಯಿಲ್ಲ. ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸಕ್ಕೆ ಇಲ್ಲಿ ಆದಿಪ್ರಾಸದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಲೆ. ಕಾರಣ ಸರಳ: ಭಜನೆಯಲ್ಲಿ ಹಿಮ್ಮೇಳದವರು ಸಾಲಿನ ಕೊನೆಯನ್ನೇ ಹಿಡಿದು ಸೊಲ್ಲು ಕೊಡುವವರು. ಓದು ಬಾರದ ಭಜನೆಗಾರರೂ ಮುಂದಿನ ಸಾಲನ್ನು ಊಹಿಸಿ ಸೇರಿಕೊಳ್ಳಲು ಆ ಪ್ರಾಸವೇ ಹಿಡಿಕೆ. ವಚನಗಳಿಗೆ ಇಂಥ ಗಣದ ಕಟ್ಟು ಇಲ್ಲ. ಅಲ್ಲಿ ವಾಕ್ಯಗಳ ಸಮಾನ ಜೋಡಣೆ ಮತ್ತು ಅಂಕಿತದ ನಿಲುಗಡೆಯೇ ಲಯ. ಅದಕ್ಕೆ ತಾಳ ಕೂಡಿಸಿ ಹಾಡುವವರು ಮಾತಿನ ಏರಿಳಿತವನ್ನು ನೋಡಿ ಕೂಡಿಸಬೇಕು.

ಷಟ್ಪದಿ, ಬಯಲಾಟ

ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು ನಾಲ್ಕು ಮೂರು ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿಗೆ 21 ಮಾತ್ರೆ, ಮೇಲೊಂದು ಗುರು, ಒಟ್ಟು 23. ಏಳರ ತಾಳಕ್ಕೆ ಹಾಕಿ ಹಾಡಿದರೆ 14 ಎರಡು ಆವರ್ತಕ್ಕೆ ಸರಿಹೋಗುತ್ತದೆ, 23 ಮಾತ್ರ ಸರಿಹೋಗುವುದಿಲ್ಲ. ನಾಲ್ಕನೆಯ ಆವರ್ತ ತುಂಬಲು ಇನ್ನೂ ಐದು ಮಾತ್ರೆ ಬೇಕು. ಆ ಐದನ್ನು ಕವಿ ಬರೆದಿಲ್ಲ. ಕೊನೆಯ ಗುರುವನ್ನು ಎಳೆದೋ, ಮದ್ದಲೆಗೆ ಬಿಟ್ಟುಕೊಟ್ಟೋ ಹಾಡುವವನು ತುಂಬುತ್ತಾನೆ. ವಾರ್ಧಕದಲ್ಲೂ ಹೀಗೆಯೇ: ಗಿಡ್ಡ ಸಾಲಿಗೆ ಐದರ ನಾಲ್ಕು ಗಣ, ಉದ್ದ ಸಾಲಿಗೆ ಐದರ ಆರು ಗಣ ಮತ್ತು ಒಂದು ಗುರು, 32. ಐದರ ಏಳನೆಯ ಆವರ್ತಕ್ಕೆ ಮೂರು ಮಾತ್ರೆ ಬಾಕಿ. ಗಮಕಿಗಳು ತಾಳಕ್ಕೆ ಕಟ್ಟುಬೀಳದೆ ಓದುವುದರಿಂದ ಈ ಬಾಕಿಯನ್ನು ರಾಗಕ್ಕೆ ಬಿಡುತ್ತಾರೆ. ಮೂಡಲಪಾಯದ ಭಾಗವತರು ಬಯಲಿನಲ್ಲಿ, ಮುಖವೀಣೆಯ ಚೂಪು ದನಿಯ ಜೊತೆ ಹಾಡಬೇಕಾದವರು. ಅವರ ಎಳೆತ ಗಟ್ಟಿ, ನಿಲುಗಡೆ ಕಡಿಮೆ, ತಾಳ ಎದ್ದು ಕಾಣಬೇಕು.

ಪಾವಗಡ ಪಟ್ಟಣದ ಶನಿಮಹಾತ್ಮ ದೇವಾಲಯ ಸುತ್ತಲ ಜಿಲ್ಲೆಗಳ ಭಕ್ತರನ್ನು ಸೆಳೆಯುವ ಕ್ಷೇತ್ರ. ಉಜ್ಜಯಿನಿಯ ವಿಕ್ರಮರಾಜ ಶನಿಯ ಕಾಟಕ್ಕೆ ಸಿಕ್ಕಿ ಪಡುವ ಪಾಡಿನ ಕಥೆಯನ್ನು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಬ್ಬರು ರಾಗವಾಗಿ ಓದುತ್ತಾರೆ, ಮತ್ತೊಬ್ಬರು ಅರ್ಥ ಹೇಳುತ್ತಾರೆ. ಪದ್ಯ ಕಿವಿಗೆ, ಅರ್ಥ ಬುದ್ಧಿಗೆ ಎಂದು ಕೆಲಸ ಹಂಚಿಕೊಂಡಿರುವುದರಿಂದ ಓದುಗ ಪದ್ಯದ ನಾದವನ್ನು ಧಾರಾಳವಾಗಿ ಹಿಗ್ಗಿಸಬಹುದು. ಅರ್ಥ ಮಸುಕಾಯಿತೆಂಬ ಭಯ ಅವನಿಗಿಲ್ಲ.

ಗಡಿಯ ಕಿವಿ

ಪಾವಗಡ ತಾಲ್ಲೂಕಿನ ಬಹುಭಾಗದ ಸುತ್ತ ಆಂಧ್ರಪ್ರದೇಶ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಇಲ್ಲಿ ಸಾಮಾನ್ಯ. ಎರಡು ಭಾಷೆಯ ಪದಗಳನ್ನೂ ಕೇಳಿ ಬೆಳೆದವರ ಕಿವಿ ಎರಡು ಬಗೆಯ ಹೊಂದಿಕೆಗಳಿಗೆ ಪಳಗಿರುತ್ತದೆ. ತೆಲುಗಿನ ದ್ವಿಪದದಲ್ಲಿ ಪ್ರಾಸದ ಜೊತೆಗೆ ಯತಿಯೂ ಬೇಕು. ಸಾಲಿನ ಮೊದಲ ಅಕ್ಷರಕ್ಕೆ ಮೂರನೆಯ ಗಣದ ಮೊದಲ ಅಕ್ಷರ ಹೊಂದಬೇಕು. ಕನ್ನಡ ಕವಿಗಳು ಎರಡನೆಯ ಅಕ್ಷರದ ಪ್ರಾಸವನ್ನು ಬಿಗಿಯಾಗಿ ಹಿಡಿದು ಯತಿಯನ್ನು ಮೀರುವುದನ್ನೇ ರೂಢಿ ಮಾಡಿಕೊಂಡರು. ಹಾಗಾಗಿ ತೆಲುಗು ಸಾಲು ನಡುವೆ ಒಂದು ಕಡೆ ತಿರುಗಿ ತನ್ನ ಮೊದಲನ್ನು ನೆನೆಯುತ್ತದೆ. ಕನ್ನಡ ಸಾಲು ಮೇಲಿನ ಸಾಲನ್ನು ನೆನೆಯುತ್ತದೆ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ದ್ವಿಪದದಲ್ಲಿ ಬರೆದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದಾಗ ವಾರ್ಧಕ ಷಟ್ಪದಿಯನ್ನು ಆರಿಸಿಕೊಂಡ. ಕಥೆ ಅದೇ, ಭಕ್ತಿ ಅದೇ. ಎರಡು ಸಾಲಿಗೆ ಮುಗಿಯುತ್ತಿದ್ದ ಉಸಿರು ಆರು ಸಾಲಿನವರೆಗೆ ಹರಡಿಕೊಂಡಿತು. ಕೈವಾರದ ಯೋಗಿ ನಾರೇಯಣರು ಎರಡೂ ಭಾಷೆಗಳಲ್ಲಿ ಪದ ಕಟ್ಟಿದವರು. ಅವರ ಪದಗಳನ್ನು ಜೋಡಿಯಾಗಿಟ್ಟು ಯತಿ, ಪ್ರಾಸಗಳ ದೃಷ್ಟಿಯಿಂದ ನೋಡುವ ಕೆಲಸ ಗಡಿಸೀಮೆಯ ಯಾವ ವಿದ್ಯಾರ್ಥಿಗಾದರೂ ಒಳ್ಳೆಯ ಅಭ್ಯಾಸವಾದೀತು.

ಈ ಭಾಗದ ದೇವರ ಉತ್ಸವಗಳಲ್ಲಿ ಉರುಮೆಯ ಪಾತ್ರ ದೊಡ್ಡದು. ಅದರ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಬಡಿತ ತಾಳವನ್ನು ಕತ್ತರಿಸುತ್ತದೆ, ಉಜ್ಜಿದಾಗ ಹೊರಡುವ ನರಳುವಂಥ ದನಿ ಅದನ್ನು ಜೋಡಿಸುತ್ತದೆ. ಇಂಥ ವಾದ್ಯದೊಡನೆ ಬರುವ ಪದಗಳಲ್ಲಿ ಸಾಲು ಗಿಡ್ಡ, ದೇವರ ಹೆಸರು ಪದೇಪದೇ, ಕ್ರಿಯಾಪದ ಅಪರೂಪ. ಓದಲು ಕೂತರೆ ಬಡವಾಗಿ ಕಾಣುವ ಪದ ಮೈಮೇಲೆ ದೇವರು ಬರುವ ಹೊತ್ತಿನಲ್ಲಿ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡುತ್ತದೆ. ಅದನ್ನು ಪುಟದ ಮೇಲಿನ ಕವಿತೆಯ ಅಳತೆಗೋಲಿನಿಂದ ತೂಗುವುದು ನ್ಯಾಯವಲ್ಲ.

ಸಂಗ್ರಹದ ಸ್ಥಿತಿ

ತತ್ವಪದಗಳನ್ನು ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಸಂಪುಟಗಳ ಮಾಲೆಯಾಗಿ ಪ್ರಕಟಿಸಿದೆ. ಜನಪದ ಕಾವ್ಯಗಳ ವಿಷಯದಲ್ಲಿ ಕನ್ನಡ ವಿಶ್ವವಿದ್ಯಾಲಯದ ಕೆಲಸ ದೊಡ್ಡದು. ಪಠ್ಯ ಉಳಿದಿದೆ, ಅದು ಸಣ್ಣ ಸಾಧನೆಯಲ್ಲ. ಆದರೆ ಎಲ್ಲಿ ಉಸಿರು ತೆಗೆದರು, ಯಾವ ಗಣವನ್ನು ಎಳೆದರು, ಗಣೆ ಎಷ್ಟು ಹೊತ್ತು ನಡೆಯಿತು, ಸೊಲ್ಲು ಎಲ್ಲಿಂದ ಹಿಡಿದರು ಎಂಬ ಗುರುತುಗಳು ಅಚ್ಚಾದ ಪಠ್ಯಗಳಲ್ಲಿ ಅಪರೂಪ. ಇಂದು ಕೈಯಲ್ಲಿರುವ ಮೊಬೈಲೇ ಧ್ವನಿಮುದ್ರಣಕ್ಕೆ ಸಾಕು. ಪದ ಬರೆದುಕೊಳ್ಳುವವರು ಧ್ವನಿಯನ್ನೂ ಇಟ್ಟುಕೊಳ್ಳಲಿ. ಬರೆಯುವಾಗ ನಿಲುಗಡೆಗೆ ಒಂದು ಗೀಟು, ಎಳೆತಕ್ಕೆ ಒಂದು ಗುರುತು ಹಾಕಲಿ. ಈ ತಾಲ್ಲೂಕುಗಳ ಕನ್ನಡ ಮೇಷ್ಟ್ರುಗಳು ಪ್ರಸ್ತಾರದ ಪಾಠಕ್ಕೆ ಮುಂಚೆ ಮಕ್ಕಳ ಮನೆಯ ಅಜ್ಜಿಯರಿಂದ, ಹಟ್ಟಿಯ ಗಣೆಯವರಿಂದ ಒಂದೊಂದು ಪದ ಕೇಳಿಸಿ, ಆಮೇಲೆ ಲಘು ಗುರು ಹಾಕಿಸಿದರೆ ಆ ಪಾಠಕ್ಕೂ ಬಲ ಬರುತ್ತದೆ, ಪದಕ್ಕೂ ಇನ್ನೊಂದು ತಲೆಮಾರಿನ ಕಿವಿ ಸಿಗುತ್ತದೆ.